ಕನ್ನಡಿ ಮೇಲಿನ ಊರು

ನಮ್ಮ ಕಟಿಂಗ್ ಅಂಗಡಿಯ ಕುರ್ಚಿಯಲ್ಲಿ ಕೂತು, ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡು ತಲೆಯೆತ್ತಿದವರಿಗೆಲ್ಲ ಮೊದಲು ಕಾಣುವುದು ಕನ್ನಡಿಯ ಮೇಲೆ ತೂಗುಹಾಕಿರುವ ಚಿತ್ರ. ಹೊಸ ಗಿರಾಕಿಯಾದರೆ ಅದನ್ನು ನೋಡಿ ಒಂದು ನಿಟ್ಟುಸಿರು ಬಿಟ್ಟು, “ಆಗಿನ ಊರು ಎಷ್ಟು ನೆಮ್ಮದಿಯಾಗಿತ್ತು ನೋಡಿ” ಅನ್ನುತ್ತಾನೆ. ಅಂಥವನ ಒಂದು ಹುಬ್ಬು ಬೋಳಿಸಿ ಕಳಿಸೋಣ ಎಂದು ನನ್ನ ಕೈ ತುರಿಸುತ್ತದೆ. ಹೆಂಗಸಿನ ಕೈಲಿ ಗಡ್ಡ ಮಾಡಿಸಿಕೊಳ್ಳುವುದಾ ಎಂದು ಮೂಗು ಮುರಿದವರೆಲ್ಲ ಈಗ ಸಾಲಾಗಿ ಬಂದು ಕೂರುವ ಅಂಗಡಿ ಇದು. ಒಂದು ಹುಬ್ಬಿಗಾಗಿ ಅದನ್ನೇಕೆ ಹಾಳುಮಾಡಿಕೊಳ್ಳಲಿ ಎಂದು ಸುಮ್ಮನೆ ನೊರೆ ಹಚ್ಚುತ್ತೇನೆ.

ಚಿತ್ರ ನಮ್ಮಪ್ಪ ಬರೆದದ್ದು. ಕಪ್ಪು ಶಾಯಿ, ಸಣ್ಣ ನಿಬ್ಬು. ಕೆಳಗೆ ಬೀದಿ, ಬೀದಿಯಾಚೆ ಮರದ ಮಿಲ್ಲಿನ ಉದ್ದನೆ ಗೋಡೆ, ಅದರ ಗೇಟು, ಗೇಟಿನ ಎಡಕ್ಕೆ ಬೀದಿ ನಲ್ಲಿ. ಗೋಡೆಯ ಮೇಲಿಂದ ಊರು ಶುರುವಾಗುತ್ತದೆ. ಒಂದರ ಬೆನ್ನಿಗೊಂದು ಹೆಂಚಿನ ಮಾಡು, ಹೊಗೆಯ ಕೊಳವೆಗಳು, ಒಣಹಾಕಿದ ಬಟ್ಟೆ, ತಂತಿಯ ಮೇಲೆ ಪಾರಿವಾಳ, ಎಲ್ಲದರ ಹಿಂದೆ ನಡುಮಧ್ಯೆ ಗಡಿಯಾರದ ಗೋಪುರ. ಅಂಗಡಿ ಬೋರ್ಡುಗಳಲ್ಲಿ ಅಕ್ಷರವಿಲ್ಲ, ಬರೀ ಗೀರು. ಗಡಿಯಾರದಲ್ಲಿ ಅಂಕಿಯಿಲ್ಲ, ಬರೀ ಮುಳ್ಳು. ಒಂಬತ್ತಕ್ಕೆ ಹತ್ತು ನಿಮಿಷ. ನೆರಳು ಬಿದ್ದಿರುವ ಕಡೆ ನೋಡಿದರೂ ಬೆಳಗಿನ ಹೊತ್ತೇ ಎಂದು ಯಾರಾದರೂ ಹೇಳುತ್ತಾರೆ.

ಒಂದೊಂದು ಹೆಂಚನ್ನೂ ಅಪ್ಪ ಬಿಡದೆ ಗೀರಿದ್ದಾನೆ. ಕೆಲಸವಿಲ್ಲದ ಮಧ್ಯಾಹ್ನ ಅದನ್ನೇ ನೋಡುತ್ತ ಕೂತರೆ ನನಗೆ ಆ ಮಾಡುಗಳ ಮೇಲೆ ಕೈಯಾಡಿಸಿದ ಹಾಗಾಗುತ್ತದೆ, ಅಪ್ಪನ ಬೆನ್ನು ಮುಟ್ಟಿದ ಹಾಗಾಗುತ್ತದೆ. ಆದರೆ ನೆಮ್ಮದಿ ಮಾತ್ರ ನನಗೆ ಅದರಲ್ಲಿ ಕಂಡಿಲ್ಲ. ನನಗೆ ಕಾಣುವುದು ಉಸಿರು ಬಿಗಿಹಿಡಿದು, ಬೀಳಲಿರುವ ಪೆಟ್ಟಿಗಾಗಿ ಕಾಯುತ್ತಿರುವ ಊರು. ಏಕೆಂದರೆ ಖಾಲಿ ಬೀದಿಯಲ್ಲಿ ಒಬ್ಬನೇ ಒಬ್ಬ ಮನುಷ್ಯನಿದ್ದಾನೆ. ಉಗುರಿನಷ್ಟು ಚಿಕ್ಕವನು. ನಮಗೆ ಬೆನ್ನು ಹಾಕಿ ಮಿಲ್ಲಿನ ಗೇಟಿನೊಳಗೆ ಕಾಲಿಡುತ್ತಿದ್ದಾನೆ. ಎಡ ಮೊಣಕೈ ಮಡಿಚಿ ಅದರಲ್ಲಿ ಒಂದು ಡಬ್ಬ ನೇತುಹಾಕಿಕೊಂಡಿದ್ದಾನೆ. ಅವನ ಕಾಲಬುಡದಲ್ಲಿ ಶಾಯಿ ಕದಡಿದೆ. ಅದು ಒಣಗುವ ಮೊದಲೇ ಅಪ್ಪ ಎದ್ದು ಓಡಿದ್ದ.

ಆ ದಿನವನ್ನು ನಮ್ಮ ಬೀದಿಯವರು ತಾರೀಖಿನಿಂದ ಕರೆಯುವುದಿಲ್ಲ, ‘ಮೂರೂಕಾಲು’ ಅನ್ನುತ್ತಾರೆ. ಮಿಲ್ಲಿಗೆ ಬೆಂಕಿ ಬಿದ್ದ ಝಳಕ್ಕೆ ಗೋಪುರದ ಗಡಿಯಾರದ ಗಾಜು ಸಿಡಿದು, ಮುಳ್ಳು ಮೂರೂಕಾಲಿಗೆ ನಿಂತುಬಿಟ್ಟಿತು. ಗೋಪುರವನ್ನು ಕೆಡವುವವರೆಗೂ ಹಾಗೇ ನಿಂತಿತ್ತು. ಅಪ್ಪ ಅಂಗಡಿಯಿಂದ ಒಂದೇ ಓಟದಲ್ಲಿ ಬೀದಿ ದಾಟಿ, “ತಮ್ಮಾ! ತಮ್ಮಾ!” ಎಂದು ಕೂಗುತ್ತ ಗೇಟಿನೊಳಗೆ ನುಗ್ಗಿದ. ಅಂದು ಮಿಲ್ಲಿಗೆ ವಾರದ ರಜೆ, ಒಳಗಿದ್ದ ಕಾವಲುಗಾರನನ್ನು ಕರೆಯುತ್ತಿದ್ದಾನೆ ಎಂದುಕೊಂಡರು ಜನ. ತನಗಿಂತ ಚಿಕ್ಕವರನ್ನೆಲ್ಲ ತಮ್ಮಾ ಎಂದೇ ಕರೆಯುವವನು ಅಪ್ಪ. ಕಾವಲುಗಾರ ಅಷ್ಟು ಹೊತ್ತಿಗೆ ಹೊರಗೆ ಬಂದು ಕೆಮ್ಮುತ್ತ ಕೂತಿದ್ದ. ಒಳಗೆ ಹೋದ ಅಪ್ಪನ ಮೇಲೆ ದಿಮ್ಮಿಗಳ ರಾಶಿಯೇ ಕುಸಿಯಿತು. ನಮಗೆ ಕೊಟ್ಟದ್ದು ಗೋಣಿಯಲ್ಲಿ ಸುತ್ತಿ, ಮುಖ ತೋರಿಸದೆ.

ಇನ್ನೂ ಹೊಗೆ ಆರಿರಲಿಲ್ಲ, ಚಿಕ್ಕಪ್ಪ ಅಂಗಡಿಯಿಂದ ಚಿತ್ರವನ್ನು ಎತ್ತಿಕೊಂಡು ಬೀದಿಗೆ ಬಂದ. “ನೋಡ್ರೋ, ನಮ್ಮಣ್ಣ ಸಾಯೋಕ್ ಮುಂಚೆ ಬರೆದಿಟ್ಟು ಹೋಗಿದ್ದಾನೆ. ಡಬ್ಬ ಹಿಡ್ಕೊಂಡು ಒಳಗೆ ಹೋಗ್ತಿರೋನು ಯಾರು? ಯಾವ ಕೈ ಅದು?” ಎಂದು ಒಬ್ಬೊಬ್ಬರ ಮುಖಕ್ಕೂ ಹಿಡಿದ. ಎಡಗೈ. ಬೀದಿಯಲ್ಲಿ ಎಡಗೈಯವನು ಒಬ್ಬನೇ, ಸಾಣೆ ಹಿಡಿಯುವವನು. ಎಲ್ಲರೂ ಅವನನ್ನು ಎಡಚ ಎಂದೇ ಕರೆಯುತ್ತಿದ್ದರು. ಸಾಣೆ ಚಕ್ರ ಬಲ ಹೆಗಲಿಗೆ, ಚಕ್ರಕ್ಕೆ ಚಿಮುಕಿಸುವ ನೀರಿನ ಡಬ್ಬ ಎಡ ಮೊಣಕೈಗೆ. ಮಿಲ್ಲಿನ ಯಜಮಾನನ ಜೊತೆ ಗರಗಸದ ವಿಷಯಕ್ಕೆ ಅವನು ಜಗಳವಾಡಿದ್ದೂ ಎಲ್ಲರಿಗೂ ಗೊತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಹೋಗಿ ಮರದ ಪುಡಿಗೆ ಸೀಮೆಎಣ್ಣೆ ಸುರಿದು ಬಂದ, ಮಧ್ಯಾಹ್ನ ಕಡ್ಡಿ ಗೀರಿದ. ಬೀದಿಯೇ ಸೇರಿ ತೀರ್ಮಾನ ಮಾಡಿತು.

ಅವನನ್ನು ಎಳೆದು ತಂದು ಈ ಅಂಗಡಿಯ ಮೆಟ್ಟಿಲ ಮುಂದೆಯೇ ಕೆಡವಿದರು. ಅವನ ಚಕ್ರವನ್ನೇ ತಂದು ನಿಲ್ಲಿಸಿದರು. ಸೈಕಲ್ ಅಂಗಡಿಯವನು ಎದೆಯ ಮೇಲೆ ಕೂತ, ಚಿಕ್ಕಪ್ಪ ಎಡಗೈಯನ್ನು ಚಕ್ರಕ್ಕೆ ಒತ್ತಿ ಹಿಡಿದ, ಬೇಕರಿಯವನು ತಿರುಗಿಸಿದ. ಕಬ್ಬಿಣಕ್ಕೆ ಬೇರೆ ಸದ್ದು, ಎಲುಬಿಗೆ ಬೇರೆ ಸದ್ದು. ನಾನು ಸ್ಕೂಲ್ ಬ್ಯಾಗು ತಬ್ಬಿಕೊಂಡು ಇದೇ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದೆ. ಅಯ್ಯೋ ಅನಿಸಲಿಲ್ಲ. ಬಲಗೈಯನ್ನೂ ಯಾಕೆ ಬಿಟ್ಟರು ಅನಿಸಿತು. ಮರುದಿನದಿಂದ ಅವನು ಊರಲ್ಲಿ ಕಾಣಲಿಲ್ಲ.

ಅಮ್ಮನನ್ನೂ ನನ್ನನ್ನೂ ಸಾಕಿದವನು ಚಿಕ್ಕಪ್ಪ. ಕತ್ತರಿ ಹಿಡಿಯಲು ಅವನಿಗೆ ಆಗುತ್ತಿರಲಿಲ್ಲ. ಮೂರೂಕಾಲಿಗೆ ಮುಂಚೆ ಅದೇ ಮಿಲ್ಲಿನಲ್ಲಿ ಕೆಲಸಕ್ಕಿದ್ದಾಗ ಗರಗಸ ಅವನ ಬಲಗೈ ಹೆಬ್ಬೆರಳನ್ನು ತಿಂದುಹಾಕಿತ್ತು. ಬೆರಳು ಹೋದವನನ್ನು ಯಜಮಾನ ಗೇಟಿನಿಂದಾಚೆ ತಳ್ಳಿದ್ದ. ಅಂದಿನಿಂದ ಚಿಕ್ಕಪ್ಪ ಏನೇ ತಂದರೂ ಬಲ ಮೊಣಕೈಯಲ್ಲಿ ನೇತುಹಾಕಿಕೊಂಡೇ ತರುತ್ತಾನೆ. “ಏನು ಚಿಕ್ಕಪ್ಪ, ಮದುವೆಮನೆಗೆ ಹೊರಟ ಹೆಂಗಸಿನ ಥರ” ಎಂದು ನಾನು ರೇಗಿಸಿದರೆ, “ಎಡಗೈಲಿ ಹಿಡಿದ್ರೆ ಆ ಪಾಪಿ ನೆನಪಾಗ್ತಾನೆ ಕಣೇ” ಅನ್ನುತ್ತಿದ್ದ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಮೊದಲ ಗಡ್ಡ ಅವನದು. ಅಪ್ಪನ ಕತ್ತಿಯಲ್ಲೇ, ಇದೇ ಕುರ್ಚಿಯಲ್ಲೇ ಮಾಡುತ್ತೇನೆ. ಕುರ್ಚಿಯೂ ಅಪ್ಪನ ಕಾಲದ್ದೇ, ಕನ್ನಡಿಗೆ ಎದುರಾಗಿ ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ್ದು. ಗಿರಾಕಿ ಇಲ್ಲದಾಗ ಅಪ್ಪ ಅದರಲ್ಲೇ ಕೂತು, ತೊಡೆಯ ಮೇಲೆ ಹಲಗೆಯಿಟ್ಟುಕೊಂಡು ಚಿತ್ರ ಬರೆಯುತ್ತಿದ್ದ.

ಚಿತ್ರಕ್ಕೆ ಚೌಕಟ್ಟು ಹಾಕಿಸಿ, ಕನ್ನಡಿಯ ನೆತ್ತಿಯ ಮೇಲೆ ಮೊಳೆ ಹೊಡೆದು ತೂಗುಹಾಕಿದವನೂ ಚಿಕ್ಕಪ್ಪನೇ. ಸುಣ್ಣ ಹೊಡೆಸುವಾಗ ಎದುರು ಗೋಡೆಗೆ ಹಾಕೋಣ ಎಂದರೆ ಸಿಡುಕುತ್ತಿದ್ದ. “ನಿಮ್ಮಪ್ಪನ ಜಾಗ ಅದು. ಕೈಯಿಟ್ರೆ ನೋಡು.” ಮನೆಯಲ್ಲಿ ಇನ್ನೊಂದು ತಮಾಷೆಯಿತ್ತು. ನಮ್ಮ ಮನೆತನದವರಿಗೆ ಎಡಬಲ ಗೊತ್ತಾಗುವುದಿಲ್ಲ. ದಿನವಿಡೀ ಕನ್ನಡಿಯಲ್ಲಿ ಮುಖ ನೋಡಿ ಕೆಲಸ ಮಾಡಿ, ಗಿರಾಕಿಯ ಎಡಗೆನ್ನೆಗೆ ಬಲ ಅನ್ನುತ್ತೇವೆ. “ನಿಮ್ಮಪ್ಪನ ಹತ್ರ ದಾರಿ ಕೇಳ್ದೋನು ಮನೆ ಸೇರಿದ ಹಾಗೇ” ಎಂದು ಅಮ್ಮ ಕಡೆಯವರೆಗೂ ನಗುತ್ತಿದ್ದಳು.

ಮೊನ್ನೆ ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡ ಒಬ್ಬ ಮುದುಕ ಬಂದು ಬಾಗಿಲಲ್ಲಿ ನಿಂತ. ನನ್ನನ್ನು ನೋಡಲಿಲ್ಲ, ಕನ್ನಡಿಯ ಮೇಲೆ ನೋಡಿದ. ತುಂಬ ಹೊತ್ತು ನೋಡಿದ.

“ಗಡ್ಡಾನಾ ಅಜ್ಜಾ?” ಎಂದೆ.

“ಮಾಡಮ್ಮಾ. ಅಷ್ಟೊತ್ತು ಇದನ್ನ ನೋಡ್ತಾ ಕೂರಬಹುದಲ್ಲ.”

ಕೂರಿಸಿ ನೊರೆ ಹಚ್ಚಿದೆ. ಅವನು ಹುಬ್ಬು ಮೇಲೆತ್ತಿ ಚಿತ್ರವನ್ನೇ ನೋಡುತ್ತಿದ್ದ. ಕಣ್ಣಿನಿಂದ ನೀರಿಳಿದು ನೊರೆಯಲ್ಲಿ ದಾರಿ ಮಾಡಿತು. ನೆಮ್ಮದಿ ಗಿಮ್ಮದಿ ಎಂದು ಅವನು ಹೇಳಲಿಲ್ಲ. “ಸದ್ದೇ ಇಲ್ಲ ನೋಡು. ಪಾರಿವಾಳ ಕೂಡ ಏನೋ ಆಗುತ್ತೆ ಅಂತ ಕಾಯ್ತಿದಾವೆ” ಎಂದ. ಇಷ್ಟು ಜನರ ಗಡ್ಡ ಮಾಡಿದ್ದೇನೆ, ನನಗೆ ಕಂಡದ್ದು ಕಂಡವನು ಇವನೊಬ್ಬ. ಒಂದು ಕೆನ್ನೆ ಮುಗಿಸಿ ಇನ್ನೊಂದಕ್ಕೆ ಬಂದೆ.

“ಕತ್ತಿ ನಿಮ್ಮಪ್ಪಂದೇ ಅಲ್ವಾ. ಸಾಣೆ ಸಾಲದು” ಎಂದ. ಆಮೇಲೆ ತಲೆ ಓರೆ ಮಾಡಿ, “ಎಲ್ಲಾ ಇದೆ. ಆದ್ರೆ ಹಿತ್ತಲ ಕಡೆಯಿಂದ ಊರೊಳಗೆ ಬಂದ ಹಾಗಿದೆ. ನಲ್ಲಿ ಗೇಟಿನ ಈ ಕಡೆ, ಬಲಕ್ಕೆ ಇತ್ತಲ್ಲಮ್ಮಾ. ದಿನಾ ನೀರು ಹಿಡೀತಿದ್ದೆ” ಎಂದು ತೋರಿಸಲು ಜೇಬಿನಿಂದ ಕೈ ತೆಗೆದ.

ಎಡಗೈ. ಅದರಲ್ಲಿ ಬೆರಳುಗಳಿರಲಿಲ್ಲ. ಉಜ್ಜಿ ಸವೆಸಿದ ಮೊಂಡು ಮುಂಗೈ, ಅದರ ಮೇಲೆ ಹೊಳೆಯುವ ತೆಳ್ಳನೆ ಚರ್ಮ.

ನನ್ನ ಕೈ ತಾನಾಗಿಯೇ ಕೆಳಗಿಳಿದು ಕತ್ತಿಯ ಅಲಗನ್ನು ಅವನ ಗಂಟಲ ಗುಳಿಗೆ ಇಟ್ಟಿತು. ಇನ್ನೊಂದು ಕೈ ಅವನ ಕೂದಲು ಹಿಡಿದು ತಲೆಯನ್ನು ಹಿಂದಕ್ಕೆಳೆಯಿತು. ಗೋಣಿಯಲ್ಲಿ ಸುತ್ತಿದ ಅಪ್ಪನ ವಾಸನೆ ಮೂಗಿಗೆ ಬಡಿಯಿತು.

“ಎಡಚ” ಎಂದೆ.

“ಹೂಂ, ನಾನೇ.” ಅವನು ಕದಲಲಿಲ್ಲ. ಮಾತನಾಡಿದಾಗ ಗಂಟಲು ಅಲಗಿಗೆ ತಾಗಿ ಒಂದು ಹನಿ ರಕ್ತ ನೊರೆಗಿಳಿಯಿತು. “ಸಾಯೋ ಮುಂಚೆ ಬೀದಿನ ಒಂದ್ಸಲ ನೋಡ್ಬೇಕು ಅನ್ನಿಸ್ತು. ಆಗಿನ ಬೀದಿ ಎಲ್ಲಿದೆ, ಎದುರುಗಡೆ ಎಲ್ಲಾ ಕೆಡವಿದ್ದಾರೆ. ಚಿತ್ರ ಇನ್ನೂ ಇದೆ ಅಂದ್ರು, ಬಂದೆ. ಕುಯ್ಯೋದಾದ್ರೆ ಕುಯ್ಯಿ. ಒಂದು ಮಾತು ಕೇಳ್ತೀನಿ. ಚಿತ್ರದಲ್ಲಿರೋನು ನಾನೇ ಆದ್ರೆ ನನ್ನ ಹೆಗಲ ಮೇಲಿನ ಚಕ್ರ ಎಲ್ಲಿ? ಊಟಕ್ಕೆ ಕೂತ್ರೂ ಅದನ್ನ ಪಕ್ಕದಲ್ಲಿ ಇಟ್ಕೊಂಡೋನು ನಾನು.”

ಅವನ ಕೂದಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಚಿಕ್ಕಪ್ಪ ತರಕಾರಿ ಚೀಲ ನೇತುಹಾಕಿಕೊಂಡು, “ಪುಟ್ಟೀ, ಈರುಳ್ಳಿ ಏನು ರೇಟು ಗೊತ್ತಾ...” ಎನ್ನುತ್ತ ಒಳಗೆ ಬಂದ. ಕುರ್ಚಿಯ ಕೈಯ ಮೇಲಿದ್ದ ಆ ಮೊಂಡುಗೈ ಕಂಡಿತು.

ಕೂಗಾಡುತ್ತಾನೆ ಎಂದುಕೊಂಡೆ. ಇಲ್ಲ. ಪಿಸುಮಾತಿನಲ್ಲಿ, “ಕತ್ತಿ ತೆಗೀಬೇಡ. ಹಾಗೇ ಹಿಡ್ಕೊಂಡಿರು. ನಾನು ಷಟರ್ ಎಳೀತೀನಿ. ಒಳಗೇ ಮುಗಿಸೋಣ” ಎಂದ. ಮೂಲೆಯಿಂದ ಷಟರ್ ಎಳೆಯುವ ಕೊಕ್ಕೆಕೋಲನ್ನು ತೆಗೆದುಕೊಂಡು ನಮಗೆ ಬೆನ್ನು ಹಾಕಿ ಬಾಗಿಲ ಕಡೆಗೆ ನಡೆದ.

ನಾನು ಕನ್ನಡಿಗೆ ಎದುರಾಗಿ ನಿಂತಿದ್ದೆ. ಕನ್ನಡಿಯಲ್ಲಿ ಬಾಗಿಲು, ಬಾಗಿಲಾಚೆ ಬೀದಿ. ಬೆನ್ನು ತೋರಿಸಿ ನಡೆಯುತ್ತಿರುವ ಒಬ್ಬ ಮನುಷ್ಯ. ಬಗ್ಗಿದ ಒಂದು ಭುಜ, ಮಡಿಚಿದ ಮೊಣಕೈ, ಅದರಲ್ಲಿ ತೂಗುವ ಭಾರ. ಕನ್ನಡಿಯಲ್ಲಿ ಅದು ಎಡಗಡೆಗಿತ್ತು. ಕಣ್ಣು ಮೇಲೆತ್ತಿದೆ. ಚಿತ್ರದಲ್ಲೂ ಅದೇ ಬೆನ್ನು, ಅದೇ ಭುಜ, ಅದೇ ಮೊಣಕೈ, ಅದೇ ಎಡಗಡೆ. ಮೇಲೊಬ್ಬ, ಕೆಳಗೊಬ್ಬ. ಇಬ್ಬರೂ ಒಬ್ಬನೇ.

ಕುರ್ಚಿ! ಬೋಲ್ಟ್ ಹಾಕಿದ ಕುರ್ಚಿ. ಬೀದಿಗೆ ಬೆನ್ನು ಹಾಕಿ ಅದರಲ್ಲಿ ಕೂತು ಅಪ್ಪ ಬೀದಿಯನ್ನು ಬರೆದದ್ದಾದರೂ ಹೇಗೆ? ಕನ್ನಡಿ ನೋಡಿ ಬರೆದ. ಎಡಬಲ ಗೊತ್ತಿಲ್ಲದ ನನ್ನ ಅಪ್ಪ, ಕಂಡದ್ದನ್ನು ಕಂಡ ಹಾಗೇ ಬರೆದುಬಿಟ್ಟಿದ್ದ. ತಿರುಗುಮುರುಗಾಗಿ ಕಂಡ ಬೋರ್ಡಿನ ಅಕ್ಷರ ಬರೆಯಲಾಗದೆ ಗೀರಿಟ್ಟಿದ್ದ. ನಲ್ಲಿ, ಮುದುಕ ಹೇಳಿದ ಹಾಗೆ, ಗೇಟಿನ ಬಲಕ್ಕಿತ್ತು. ಗಡಿಯಾರವನ್ನು ಮನಸ್ಸಿನಲ್ಲೇ ತಿರುಗಿಸಿದೆ. ಒಂಬತ್ತಕ್ಕೆ ಹತ್ತು ನಿಮಿಷವಲ್ಲ, ಮೂರು ಗಂಟೆ ಹತ್ತು ನಿಮಿಷ.

“ಚಿಕ್ಕಪ್ಪಾ, ಅಪ್ಪ ಈ ಕುರ್ಚೀಲಿ ಕೂತು ಬೀದಿ ಹೇಗೆ ಬರೆದ?” ಎಂದೆ.

ಷಟರ್ ಅರ್ಧಕ್ಕೆ ನಿಂತಿತು. ಅವನು ತಿರುಗಲಿಲ್ಲ. “ಮೊದ್ಲು ಅವನ ಕೆಲಸ ಮುಗಿಸು” ಎಂದ.

“ಡಬ್ಬ ಬಲಗೈಲಿತ್ತು ಚಿಕ್ಕಪ್ಪ.”

ಆಗ ತಿರುಗಿದ. ಮುಖದಲ್ಲಿ ಅಚ್ಚರಿಯ ಸುಳಿವೂ ಇರಲಿಲ್ಲ. ಅವನಿಗೆ ಮೊದಲಿನಿಂದ ಗೊತ್ತಿತ್ತು. ಈ ಅಂಗಡಿಯಲ್ಲಿ ಕನ್ನಡಿಯ ಕಣ್ಣಿಗೆ ಬೀಳದ ಗೋಡೆ ಒಂದೇ, ಕನ್ನಡಿಯದೇ ಗೋಡೆ. ಅಲ್ಲೇ ಮೊಳೆ ಹೊಡೆದಿದ್ದ.

ಕೋಲು ಬೀಸಿಯೇಬಿಟ್ಟ. ಮೊದಲ ಪೆಟ್ಟು ಮುದುಕನ ಹೆಗಲಿನೆಲುಬಿಗೆ ಬಿತ್ತು, ಒಣಕಡ್ಡಿ ಮುರಿದಂತೆ ಸದ್ದಾಯಿತು. ಎರಡನೆಯದು ತಲೆಗೆಂದು ಬಂದದ್ದು, ನಾನು ಮುದುಕನನ್ನು ಪಕ್ಕಕ್ಕೆ ತಳ್ಳಿದ್ದರಿಂದ ಕನ್ನಡಿಗೆ ಬಿತ್ತು. ಗಾಜು ನನ್ನ ಕೆನ್ನೆಯನ್ನು ಸೀಳಿಕೊಂಡು ಹೋಯಿತು. ಮೂರನೆಯ ಸಲ ಅವನು ಕೈ ಎತ್ತಿದಾಗ ನನ್ನ ಕೈಯಲ್ಲಿ ಅಪ್ಪನ ಕತ್ತಿಯಿತ್ತು. ಬಲ ಮೊಣಕೈಯ ಒಳಮಡಿಕೆಗೆ, ಚೀಲ ನೇತುಬೀಳುವ ಜಾಗಕ್ಕೇ ಎಳೆದೆ. ಸಾಣೆ ಸಾಲದ ಕತ್ತಿ, ಆದರೂ ಮಾಂಸ ಬಾಯಿಬಿಟ್ಟಿತು. ಚೀಲ ಬಿತ್ತು, ಈರುಳ್ಳಿಗಳು ರಕ್ತದಲ್ಲಿ ಉರುಳಿದವು. ಚಿಕ್ಕಪ್ಪ ಕೈ ಹಿಡಿದುಕೊಂಡು ಗೋಡೆಗೊರಗಿ ಕುಸಿದ. ಕತ್ತಿಯನ್ನು ಅವನ ಮುಖದ ಮುಂದೆ ಹಿಡಿದೆ.

“ಅಪ್ಪ ಒಳಗೆ ಓಡಿದ್ದು ಕಾವಲುಗಾರನಿಗೋಸ್ಕರ ಅಲ್ಲ. ಕನ್ನಡೀಲಿ ನಿನ್ನ ನೋಡಿದ್ದ. ನೀನು ಒಳಗೇ ಸಿಕ್ಕಿಹಾಕ್ಕೊಂಡಿದ್ದೀಯ ಅಂದ್ಕೊಂಡ. ತಮ್ಮಾ ತಮ್ಮಾ ಅಂತ ಕೂಗಿದ್ದು ನಿನ್ನನ್ನ. ಕೇಳಿಸ್ತಾ ನಿಂಗೆ?”

“ಹಿಂದಿನ ಗೋಡೆ ಹಾರಿದ್ದೆ. ಆಚೆ ಬಚ್ಚಿಟ್ಕೊಂಡಿದ್ದೆ.”

“ಕೇಳಿಸ್ತಾ ಅಂತ ಕೇಳ್ದೆ.”

ಅವನು ಕಣ್ಣು ಮುಚ್ಚಿದ. “ಕೇಳಿಸ್ತು. ಓಗೊಟ್ಟಿದ್ರೆ ಸಿಕ್ಕಿಬೀಳ್ತಿದ್ದೆ ಪುಟ್ಟೀ.”

ಗಾಜಿನ ಸದ್ದಿಗೆ ಬೀದಿ ಸೇರಿತು. ಅರ್ಧ ಎಳೆದ ಷಟರ್ ಕೆಳಗಿಂದ ಬೇಕರಿಯವನು ತೂರಿ ಬಂದ, ಹಿಂದೆಯೇ ಸೈಕಲ್ ಅಂಗಡಿಯವನು, ಅವರ ಹಿಂದೆ ಇನ್ನಷ್ಟು ಜನ. ಇಬ್ಬರಿಗೂ ವಯಸ್ಸಾಗಿದೆ, ಆದರೆ ಕೈಗೆ ಅಭ್ಯಾಸ ತಪ್ಪಿಲ್ಲ. ರಕ್ತದಲ್ಲಿ ಕೂತ ಚಿಕ್ಕಪ್ಪನನ್ನು ನೋಡಿದರು, ಕುರ್ಚಿಯ ಪಕ್ಕ ಬಿದ್ದಿದ್ದ ಮುದುಕನ ಮೊಂಡುಗೈ ನೋಡಿದರು, ಅಷ್ಟೇ ಸಾಕಾಯಿತು.

“ಎಡಚ ಕಣ್ರೋ! ಮತ್ತೆ ಬಂದಿದ್ದಾನೆ!”

ಸೈಕಲ್ ಅಂಗಡಿಯವನು ಮುದುಕನ ಮುರಿದ ಹೆಗಲನ್ನೇ ಹಿಡಿದೆಳೆದ. ಮುದುಕ ಅಂದು ಚಕ್ರದ ಮುಂದೆ ಚೀರಿದ ಹಾಗೆಯೇ ಚೀರಿದ. ನಾನು ಅಡ್ಡ ಬಿದ್ದು, “ಅವನಲ್ಲ! ಚಿತ್ರ ಕನ್ನಡೀಲಿ ನೋಡಿ!” ಎಂದು ಅರಚಿದೆ. ಯಾವ ಕನ್ನಡಿ? ಚೂರುಚೂರಾಗಿ ನೆಲದ ಮೇಲಿತ್ತು. ನನ್ನ ಕೆನ್ನೆಯ ರಕ್ತ ನೋಡಿ, “ಹುಡುಗಿಗೂ ಹೊಡೆದಿದ್ದಾನೆ” ಎಂದು ಯಾರೋ ನನ್ನನ್ನು ಹಿಂದಕ್ಕೆಳೆದು ಅದುಮಿ ಹಿಡಿದರು. ಬೇಕರಿಯವನು ಕೊಕ್ಕೆಕೋಲು ಎತ್ತಿಕೊಂಡ. ಒಂದು ಮಾತು ಸಾಕಿತ್ತು, ಅದು ಚಿಕ್ಕಪ್ಪನ ಬಾಯಿಂದ ಬರಬೇಕಿತ್ತು. “ಹೇಳು ಚಿಕ್ಕಪ್ಪಾ” ಎಂದೆ. ಅವನು ತಲೆ ತಗ್ಗಿಸಿ ಕೂತಿದ್ದ. ಗೋಡೆಯಾಚೆ ಬಚ್ಚಿಟ್ಟುಕೊಂಡಿದ್ದಾಗಲೂ ಹೀಗೇ ಕೂತಿದ್ದನೇನೋ. ಕೋಲು ಮೇಲೆದ್ದಿತು.

ಆಗ ನನಗೆ ಬೇರೇನೂ ತೋಚಲಿಲ್ಲ. ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ, ಅಪ್ಪ ಬೀದಿ ದಾಟುತ್ತ ಕೂಗಿದ ಹಾಗೇ ಕೂಗಿದೆ.

“ತಮ್ಮಾ! ತಮ್ಮಾ!”

ಚಿಕ್ಕಪ್ಪನ ತಲೆ ಥಟ್ಟನೆ ಮೇಲೆದ್ದಿತು. ಅವನು ನನ್ನನ್ನು ನೋಡುತ್ತಿರಲಿಲ್ಲ. ಬಾಯಿ ತೆರೆಯಿತು, ಮಗುವಿನಂಥ ದನಿ ಹೊರಬಿತ್ತು.

“ಓ ಅಣ್ಣಾ! ಇಲ್ಲಿದ್ದೀನಿ. ಬೆಂಕಿ ಹಚ್ಚಿ ಹೊರಗೆ ಬಂದ್ಬಿಟ್ಟೆ ಅಣ್ಣಾ. ನೀನು ಒಳಗೆ ಬರಬೇಡ.”

ಸೈಕಲ್ ಅಂಗಡಿಯವನು ಮುದುಕನ ಹೆಗಲು ಬಿಟ್ಟ. ಬೇಕರಿಯವನು ಕೋಲನ್ನು ಕೆಳಗಿಟ್ಟು, ಅಂದು ಚಕ್ರ ತಿರುಗಿಸಿದ ತನ್ನ ಕೈಯನ್ನೇ ನೋಡುತ್ತ ನಿಂತ.